ಗರ್ಭಕೋಶವನ್ನು ತೆಗೆಸುವ ಮುನ್ನ

(ದಂಪತಿಗಳ ಕುಟುಂಬ ಕಲ್ಯಾಣ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಲಿರುವುದು ಗರ್ಭಕೋಶದ ಗಡ್ಡೆಯ ವಿಚಾರ. ಇದು ಹೆಂಗಸರ ವಿಷಯವೆಂದು ಗಂಡಸರು ದೂರ ಸರಿಯುವುದುಂಟು. ನಾಚಿಕೆಯ ವಿಷಯವೆಂದು ಹೆಂಗಸರು ಬಾಯಿ ಬಿಡದಿರುವುದೂ ಉಂಟು. ಎರಡರಿಂದಲೂ ನಷ್ಟವಾಗುವುದು ಸಂಸಾರಕ್ಕೇ. ಆದುದರಿಂದ ಇಬ್ಬರೂ ಕಿವಿಗೊಟ್ಟು ಕೇಳಬೇಕೆಂದು ನನ್ನ ಪ್ರಾರ್ಥನೆ.

ಒಂದು ಮನೆಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯಾಕೆಗೆ ಮೂವತ್ತೆಂಟು ವರ್ಷ. ಇಬ್ಬರು ಮಕ್ಕಳು, ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷವಾಯಿತು. ಈಗ ಒಂದು ವರ್ಷದಿಂದ ಮುಟ್ಟಿನ ಸ್ರಾವ ಅತಿಯಾಗಿದೆ. ನಾಲ್ಕು ದಿನಕ್ಕೆ ನಿಲ್ಲುತ್ತಿದ್ದುದು ಎಂಟು ಹತ್ತು ದಿನವಾದರೂ ನಿಲ್ಲುವುದಿಲ್ಲ. ಹೆಪ್ಪುಗಟ್ಟಿದ ರಕ್ತ ಹೋಗುತ್ತದೆ. ಕೊಡ ನೀರು ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಕಳೆ ತೆಗೆಯಲು ಹೋಗಲಾಗದ ದಿನಗಳು ತಿಂಗಳಿಗೆ ಹತ್ತು. ಕೊನೆಗೆ ಪಟ್ಟಣದಲ್ಲಿ ಒಬ್ಬರು ಹೊಟ್ಟೆಯನ್ನು ಮುಟ್ಟಿ ನೋಡಿ, "ಗರ್ಭಕೋಶದಲ್ಲಿ ಗಡ್ಡೆಯಿದೆ. ಮಕ್ಕಳಾಗಿವೆಯಲ್ಲ, ಇನ್ನು ಅದೇಕೆ ಬೇಕು? ಬಿಟ್ಟರೆ ಕ್ಯಾನ್ಸರ್ ಆದೀತು. ತೆಗೆಸಿಬಿಡಿ" ಎನ್ನುತ್ತಾರೆ. ಆ ರಾತ್ರಿ ಗಂಡ ಹೆಂಡಿರಿಗೆ ನಿದ್ರೆಯಿಲ್ಲ. ಎತ್ತನ್ನು ಮಾರುವುದೋ, ಒಡವೆಯನ್ನು ಅಡವಿಡುವುದೋ ಎಂದು ಗಂಡ ಲೆಕ್ಕ ಹಾಕುತ್ತಾನೆ. ತನಗೇನಾದರೂ ಆದರೆ ಮಕ್ಕಳ ಗತಿಯೇನೆಂದು ಹೆಂಡತಿ ಗೋಡೆಯ ಕಡೆ ತಿರುಗಿ ಅಳುತ್ತಾಳೆ.

ಇಂಥ ಮನೆಗಳು ನಮ್ಮಲ್ಲಿ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಪ್ರತಿ ನೂರು ಸ್ತ್ರೀಯರಲ್ಲಿ ಮೂವರಿಗಿಂತ ತುಸು ಹೆಚ್ಚು ಮಂದಿ ಗರ್ಭಕೋಶವನ್ನು ತೆಗೆಸಿಕೊಂಡವರು. ಅವರಲ್ಲಿ ಅನೇಕರಿಗೆ ಆ ಶಸ್ತ್ರಚಿಕಿತ್ಸೆ ಅಗತ್ಯವೇ ಆಗಿದ್ದಿರಬಹುದು. ಆದರೆ ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆಯೂ ಹೀಗೆ ಮಾಡಲಾಗಿದೆಯೆಂಬ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಮಂತ್ರಾಲಯವು 2022ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆದೇಶಿಸಿತು.

ನಾನು ಇಂದು ಹೇಳಬಂದಿರುವ ಮಾತು ಒಂದೇ: ಒಳಗೆ ಏನಿದೆ, ಎಲ್ಲಿದೆ, ಎಷ್ಟಿದೆ ಎಂಬುದನ್ನು ಮೊದಲು ಕಾಣಬೇಕು, ಆಮೇಲೆ ಚಿಕಿತ್ಸೆಯನ್ನು ಆರಿಸಬೇಕು. ಹಾಗೆ ಕಂಡಾಗ, ಗರ್ಭಕೋಶವನ್ನು ಉಳಿಸಿಕೊಂಡೇ ಗುಣ ಹೊಂದುವ ದಾರಿ ಎಷ್ಟೋ ಸಲ ತೋರುತ್ತದೆ.

ಗಡ್ಡೆ ಎಂದರೇನು?

ಗರ್ಭಕೋಶವು ತಲೆಕೆಳಗಾಗಿ ಹಿಡಿದ ಸಣ್ಣ ಪೇರಲೆಹಣ್ಣಿನ ಆಕಾರದ ಅಂಗ. ಅದರ ಗೋಡೆ ದಪ್ಪನೆಯ ಮಾಂಸಖಂಡದಿಂದಾಗಿದೆ. ಈ ಮಾಂಸಖಂಡದಲ್ಲಿಯೇ ಕೆಲವೊಮ್ಮೆ ನಾರಿನಂಥ ಗಟ್ಟಿಯಾದ ಉಂಡೆಗಳು ಬೆಳೆಯುತ್ತವೆ. ಇವನ್ನು ನಾರುಗಡ್ಡೆಗಳೆನ್ನುತ್ತಾರೆ, ವೈದ್ಯರು ಫೈಬ್ರಾಯ್ಡ್ ಎನ್ನುವುದು ಇವನ್ನೇ. ಸಾಸಿವೆ ಕಾಳಿನಷ್ಟು ಸಣ್ಣದಿರಬಹುದು, ತೆಂಗಿನಕಾಯಿಯಷ್ಟು ದೊಡ್ಡದೂ ಆಗಬಹುದು. ಒಂದೇ ಇರಬಹುದು, ಹಲವು ಇರಬಹುದು. ಐವತ್ತು ವರ್ಷವಾಗುವ ಹೊತ್ತಿಗೆ ಬಹು ಮಂದಿ ಸ್ತ್ರೀಯರಲ್ಲಿ ಇವು ಕಾಣುತ್ತವೆ. ಅನೇಕರಿಗೆ ಇರುವುದೇ ತಿಳಿಯದು.

ನಾರುಗಡ್ಡೆ ಕ್ಯಾನ್ಸರ್ ಅಲ್ಲ. ನಾರುಗಡ್ಡೆಯೆಂದು ತಿಳಿದಿದ್ದುದು ಕ್ಯಾನ್ಸರ್ ಎಂದು ಹೊರಬೀಳುವುದು ಸಾವಿರಕ್ಕೆ ಒಂದೆರಡರಂತೆ, ಬಹು ವಿರಳ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಈ ಗಡ್ಡೆಗಳು ತಾವಾಗಿಯೇ ಕುಗ್ಗುತ್ತವೆ. ಆದುದರಿಂದ ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೇ ಬೇಡ. ಆಗಾಗ ಪರೀಕ್ಷೆ ಮಾಡಿಸಿದರೆ ಸಾಕು.

ತೊಂದರೆ ಕೊಡುವುದೂ ಕೊಡದಿರುವುದೂ ಗಡ್ಡೆ ಇರುವ ಜಾಗವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಗರ್ಭಕೋಶದ ಒಳಗಿನ ಪೊಳ್ಳಿಗೆ ಚಾಚಿಕೊಂಡ ಗಡ್ಡೆ ನೆಲ್ಲಿಕಾಯಿಯಷ್ಟೇ ಇದ್ದರೂ ಧಾರಾಳವಾಗಿ ರಕ್ತ ಹರಿಸುತ್ತದೆ. ಹೊರಮೈಯಲ್ಲಿ ಬೆಳೆದುದು ಕಿತ್ತಳೆಹಣ್ಣಿನಷ್ಟಾದರೂ ಸುಮ್ಮನಿರಬಹುದು. ಇಲ್ಲವೆ ಮೂತ್ರಕೋಶವನ್ನು ಒತ್ತಿ ಪದೇ ಪದೇ ಮೂತ್ರಕ್ಕೆ ಹೋಗುವಂತೆ ಮಾಡಬಹುದು. ಗೋಡೆಯ ನಡುವೆ ಇರುವುದರಿಂದ ಸ್ರಾವ, ನೋವು, ಹೊಟ್ಟೆಯ ಭಾರ ಎಲ್ಲವೂ ಬರಬಹುದು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವ ವೈದ್ಯರಿಗೆ ಗರ್ಭಕೋಶ ದಪ್ಪವಾಗಿದೆ ಎಂಬುದು ತಿಳಿದೀತು; ಗಡ್ಡೆ ಈ ಮೂರರಲ್ಲಿ ಯಾವ ಜಾಗದ್ದೆಂದು ತಿಳಿಯದು. ಆ ಕೆಲಸಕ್ಕೆ ಒಳಗನ್ನು ಕಾಣುವ ಕಣ್ಣು ಬೇಕು.

ಶಬ್ದವೇ ಕಣ್ಣಾದ ಕಥೆ

ಆ ಕಣ್ಣು ದೊರೆತ ಕಥೆ ಸ್ವಾರಸ್ಯವಾಗಿದೆ. ಬ್ರಿಟನ್ನಿನ ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ತಜ್ಞರಿದ್ದರು. ಆ ಊರಿನ ಬಳಿ ಉಗಿಯ ಬಾಯ್ಲರುಗಳನ್ನು ತಯಾರಿಸುವ ಒಂದು ಕಾರ್ಖಾನೆ. ಉಕ್ಕಿನೊಳಗೆ ಬಿರುಕಿದೆಯೇ ಎಂದು ನೋಡಲು ಅಲ್ಲಿ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳನ್ನು ಲೋಹದೊಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯನ್ನು ಅಳೆಯುತ್ತಿದ್ದರು. ಡೊನಾಲ್ಡರು 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಆಗ ತಾನೇ ಹೊರತೆಗೆದ ಗಡ್ಡೆಗಳನ್ನು ಆ ಕಾರ್ಖಾನೆಗೆ ಒಯ್ದು ಯಂತ್ರಕ್ಕೆ ಒಡ್ಡಿದರು. ಗಟ್ಟಿಯಾದ ನಾರುಗಡ್ಡೆ ಕೊಡುವ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ ಚೀಲದಂಥ ಗಡ್ಡೆ ಕೊಡುವುದೇ ಬೇರೆ ಎಂಬುದು ಸ್ಪಷ್ಟವಾಯಿತು.

ಇದಾದ ಮೇಲೆ, ಹೊಟ್ಟೆ ಊದಿಕೊಂಡು, ಗುಣಪಡಿಸಲಾಗದ ಕ್ಯಾನ್ಸರ್ ಎಂದು ಆಸೆ ಬಿಟ್ಟಿದ್ದ ಒಬ್ಬ ಸ್ತ್ರೀಯನ್ನು ಇದೇ ಬಗೆಯಲ್ಲಿ ಪರೀಕ್ಷಿಸಿದರು. ಒಳಗಿದ್ದುದು ಕ್ಯಾನ್ಸರ್ ಅಲ್ಲ, ಅಂಡಾಶಯದ ದೊಡ್ಡ ನೀರುಚೀಲವೆಂದು ಪ್ರತಿಧ್ವನಿ ಹೇಳಿತು. ಅದನ್ನು ತೆಗೆದರು, ಆಕೆ ಬದುಕಿದಳು. 1958ರಲ್ಲಿ ಡೊನಾಲ್ಡ್ ಮತ್ತು ಅವರ ಜೊತೆಗಾರರು 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಇಂದು ನಾವು ಸ್ಕ್ಯಾನಿಂಗ್ ಎಂದು ಕರೆಯುವ ಪರೀಕ್ಷೆ ಹೀಗೆ ಬೆಳೆದು ಬಂದದ್ದು. ನೋಡದೆ ಹೇಳಿದ ಮಾತಿಗೂ ನೋಡಿ ಹೇಳಿದ ಮಾತಿಗೂ ಇರುವ ಅಂತರ ಒಂದು ಜೀವದಷ್ಟಿರಬಹುದೆಂಬುದಕ್ಕೆ ಆ ತಾಯಿಯೇ ಸಾಕ್ಷಿ.

ಸ್ಕ್ಯಾನಿಂಗ್ ಪರೀಕ್ಷೆಗೆ ಅಂಜಬೇಕಾಗಿಲ್ಲ. ಇದರಲ್ಲಿ ಕ್ಷ-ಕಿರಣವಿಲ್ಲ, ಸೂಜಿಯಿಲ್ಲ, ನೋವಿಲ್ಲ. ಮೊದಲೇ ನೀರು ಕುಡಿದು, ಮೂತ್ರ ಮಾಡದೆ ಬರಬೇಕೆಂದು ಹೇಳುತ್ತಾರೆ. ತುಂಬಿದ ಮೂತ್ರಕೋಶದ ಮೂಲಕ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ಹೊಟ್ಟೆಯ ಮೇಲೆ ತಣ್ಣನೆಯ ಲೇಪವನ್ನು ಹಚ್ಚಿ ಸಣ್ಣ ಉಪಕರಣವೊಂದನ್ನು ಆಡಿಸುತ್ತಾರೆ. ಇನ್ನೂ ಸ್ಪಷ್ಟವಾಗಿ ಕಾಣಬೇಕಾದಾಗ ತೆಳುವಾದ ಉಪಕರಣವನ್ನು ಯೋನಿಮಾರ್ಗದಲ್ಲಿಟ್ಟು ನೋಡುವುದುಂಟು. ಆಗ ಮೂತ್ರ ಮಾಡಿ ಬರಬೇಕು. ಸ್ತ್ರೀ ಸಿಬ್ಬಂದಿಯೊಬ್ಬರು ಜೊತೆಗಿರಬೇಕೆಂದು ಕೇಳುವ ಹಕ್ಕು ನಿಮಗಿದೆ. ದೊಡ್ಡ ಗಡ್ಡೆ, ಹಲವು ಗಡ್ಡೆ ಅಥವಾ ಅನುಮಾನವಿದ್ದಲ್ಲಿ ಎಂ.ಆರ್.ಐ. ಪರೀಕ್ಷೆ ಬೇಕಾಗಬಹುದು.

ಪ್ರಸಂಗ ಬಂದುದರಿಂದ ಇನ್ನೊಂದು ಮಾತು. ಇದೇ ಯಂತ್ರದಿಂದ ಗರ್ಭದಲ್ಲಿರುವ ಮಗು ಹೆಣ್ಣೋ ಗಂಡೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ತಾಯಿಯ ಪ್ರಾಣ ಉಳಿಸಲು ಬಂದ ಯಂತ್ರವನ್ನು ಮಗಳ ಪ್ರಾಣ ತೆಗೆಯಲು ಬಳಸಬಾರದು.

ಕಂಡು ಮಾಡುವ ಚಿಕಿತ್ಸೆಗಳು

ಮೊದಲು ರಕ್ತಹೀನತೆಗೆ ಗಮನ ಕೊಡಬೇಕು. ಬಸುರಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಹೆಚ್ಚು ಸ್ರಾವವಾಗುವ ಅನೇಕರಲ್ಲಿ ಇದು ಬಹಳ ಇಳಿದಿರುತ್ತದೆ. ಕಬ್ಬಿಣಾಂಶದ ಮಾತ್ರೆ, ಬೇಕಾದಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶದ ಔಷಧ ಕೊಡುತ್ತಾರೆ. ಸ್ರಾವವನ್ನು ತಗ್ಗಿಸುವ ಮಾತ್ರೆಗಳೂ ಇವೆ. ವಂಕಿಯನ್ನು ನೀವು ಬಲ್ಲಿರಿ. ಅದೇ ಬಗೆಯ, ಆದರೆ ಹಾರ್ಮೋನನ್ನು ಒಳಗೊಂಡ ಸಾಧನವನ್ನು ಗರ್ಭಕೋಶದಲ್ಲಿಟ್ಟರೆ ಹಲವರಲ್ಲಿ ವರ್ಷಗಳ ಕಾಲ ಸ್ರಾವ ಕಡಿಮೆಯಾಗುತ್ತದೆ. ಇವುಗಳಿಂದಲೇ ಗುಣವಾದರೆ ಮುಂದಿನದು ಬೇಡ. ಆಗದಿದ್ದಲ್ಲಿ, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಮಾಡುವ ಚಿಕಿತ್ಸೆಗಳಿವೆ.

ಮೊದಲನೆಯದು, ಒಳಗಿನ ಪೊಳ್ಳಿಗೆ ಚಾಚಿದ ಗಡ್ಡೆಗೆ. ದೀಪವೂ ದರ್ಶಕವೂ ಇರುವ ತೆಳುವಾದ ಕೊಳವೆಯನ್ನು ಯೋನಿಮಾರ್ಗದಿಂದ ಗರ್ಭಕೋಶದೊಳಗೆ ಕಳುಹಿಸಿ, ಗಡ್ಡೆಯನ್ನು ನೋಡುತ್ತಲೇ ಕತ್ತರಿಸಿ ತೆಗೆಯುತ್ತಾರೆ. ಹೊಟ್ಟೆಯ ಮೇಲೆ ಗಾಯವೇ ಇಲ್ಲ. ಕಷ್ಟದ ಗಡ್ಡೆಯಾದರೆ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡುತ್ತ, ಉಪಕರಣ ಗೋಡೆಯನ್ನು ದಾಟದಂತೆ ಎಚ್ಚರ ವಹಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು.

ಎರಡನೆಯದು, ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚುವುದು. ಗಡ್ಡೆ ಬೆಳೆಯುವುದು ರಕ್ತದ ಪೋಷಣೆಯಿಂದ. ಕಾಲುವೆಯ ನೀರು ನಿಂತರೆ ಗಿಡ ಬಾಡುವಂತೆ, ರಕ್ತ ನಿಂತರೆ ಗಡ್ಡೆ ಬಾಡುತ್ತದೆ. ಪ್ಯಾರಿಸ್ ನಗರದ ವೈದ್ಯ ಝಾಕ್ ರವಿನಾ ಮತ್ತು ಅವರ ಜೊತೆಗಾರರು, ಶಸ್ತ್ರಚಿಕಿತ್ಸೆಯ ವೇಳೆ ರಕ್ತಸ್ರಾವ ಕಡಿಮೆಯಾಗಲೆಂದು ಮುಂಚಿತವಾಗಿ ಹೀಗೆ ನಾಳವನ್ನು ಮುಚ್ಚುತ್ತಿದ್ದರು. ಆದರೆ ಕೆಲವು ರೋಗಿಗಳಿಗೆ ಅಷ್ಟರಿಂದಲೇ ಗುಣವಾಗಿ, ಶಸ್ತ್ರಚಿಕಿತ್ಸೆಯೇ ಬೇಡವಾಯಿತು! 1995ರಲ್ಲಿ ಅವರು 16 ಮಂದಿಯ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ಈ ಚಿಕಿತ್ಸೆ ಲೋಕದಲ್ಲೆಲ್ಲ ಹಬ್ಬಿತು.

ಇದನ್ನು ಮಾಡುವ ರೀತಿ ಹೀಗೆ. ತೊಡೆಸಂದಿನಲ್ಲಿ ಅಥವಾ ಮಣಿಕಟ್ಟಿನಲ್ಲಿ ಅಷ್ಟು ಜಾಗವನ್ನು ಮಾತ್ರ ಮರಗಟ್ಟಿಸಿ, ಸೂಜಿಯಿಂದ ಚುಚ್ಚಿ, ತೆಳ್ಳನೆಯ ನಳಿಕೆಯನ್ನು ರಕ್ತನಾಳದೊಳಗೆ ಸೇರಿಸುತ್ತಾರೆ. ನಾಳಕ್ಕೆ ಬಣ್ಣದಂಥ ಔಷಧವನ್ನು ಬಿಟ್ಟಾಗ, ಕ್ಷ-ಕಿರಣದ ಪರದೆಯ ಮೇಲೆ ರಕ್ತನಾಳಗಳು ಮರದ ಕೊಂಬೆಗಳಂತೆ ಕಾಣುತ್ತವೆ. ಅದನ್ನು ನೋಡುತ್ತ ನಳಿಕೆಯನ್ನು ಗರ್ಭಕೋಶದ ನಾಳದವರೆಗೆ ನಡೆಸುತ್ತಾರೆ. ಬಳಿಕ ರವೆಯ ಕಾಳಿನಂಥ ಸಣ್ಣ ಕಣಗಳನ್ನು ಬಿಡುತ್ತಾರೆ. ಅವು ಗಡ್ಡೆಯ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತವನ್ನು ತಡೆಯುತ್ತವೆ. ಎರಡೂ ಪಕ್ಕದ ನಾಳಗಳಿಗೆ ಹೀಗೆ ಮಾಡಬೇಕು. ಗರ್ಭಕೋಶಕ್ಕೆ ಅಕ್ಕಪಕ್ಕದ ಬೇರೆ ನಾಳಗಳಿಂದಲೂ ರಕ್ತ ಬರುವುದರಿಂದ ಅದು ಚೇತರಿಸಿಕೊಳ್ಳುತ್ತದೆ. ಗಡ್ಡೆಗೆ ಆ ಅನುಕೂಲವಿಲ್ಲ.

ಇದರ ಒಳಿತನ್ನೂ ಕಷ್ಟವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊದಲ ದಿನ ಹೊಟ್ಟೆನೋವು ಜೋರಾಗಿಯೇ ಇರುತ್ತದೆ. ಅದಕ್ಕೆ ಔಷಧ ಕೊಡುತ್ತಾರೆ. ಒಂದೆರಡು ದಿನ ಆಸ್ಪತ್ರೆಯಲ್ಲಿದ್ದು, ಒಂದೆರಡು ವಾರಗಳಲ್ಲಿ ಕೆಲಸಕ್ಕೆ ಮರಳಬಹುದು. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಸಿದವರು ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ಕೆಲವು ತಿಂಗಳಲ್ಲಿ ಗಡ್ಡೆ ಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಹತ್ತು ಮಂದಿಯಲ್ಲಿ ಎಂಟೊಂಬತ್ತು ಮಂದಿಗೆ ಸ್ರಾವ ತಗ್ಗುತ್ತದೆ. ಆದರೆ ಎಲ್ಲರಿಗೂ ಇದು ಕೊನೆಯ ಚಿಕಿತ್ಸೆಯಾಗುವುದಿಲ್ಲ. ನೆದರ್‌ಲೆಂಡ್ಸ್ ದೇಶದಲ್ಲಿ ಹೀಗೆ ಚಿಕಿತ್ಸೆ ಪಡೆದವರನ್ನು ಹತ್ತು ವರ್ಷಗಳವರೆಗೆ ಗಮನಿಸಿದಾಗ, ಮೂವರಲ್ಲಿ ಸುಮಾರು ಒಬ್ಬರಿಗೆ ಮುಂದೆ ಗರ್ಭಕೋಶ ತೆಗೆಸಬೇಕಾಯಿತು. ಉಳಿದ ಇಬ್ಬರಿಗೆ ಬೇಕಾಗಲಿಲ್ಲ. ನಲವತ್ತೈದು ದಾಟಿದ ಕೆಲವರಿಗೆ ಮುಟ್ಟು ಪೂರ್ತಿ ನಿಂತುಹೋಗಬಹುದು. ಮನೆಗೆ ಬಂದ ಮೇಲೆ ಜ್ವರ ಅಥವಾ ದುರ್ವಾಸನೆಯ ಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಂದೆ ಮಕ್ಕಳು ಬೇಕೆನ್ನುವವರಿಗೆ ಸಾಮಾನ್ಯವಾಗಿ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಅವರಿಗೆ ತಕ್ಕುದು.

ಮೂರನೆಯದು, ಶಬ್ದದಿಂದಲೇ ಗಡ್ಡೆಯನ್ನು ಸುಡುವುದು. ಭೂತಗನ್ನಡಿಯಿಂದ ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ ಕಾಗದವನ್ನು ಸುಡುವ ಆಟವನ್ನು ಮಕ್ಕಳು ಆಡುತ್ತಾರಲ್ಲವೆ? ಹಾಗೆಯೇ ಶಬ್ದದ ಅಲೆಗಳನ್ನು ಚರ್ಮವನ್ನು ಕೊಯ್ಯದೆಯೇ ಗಡ್ಡೆಯ ಮೇಲೆ ಕೂಡಿಸುತ್ತಾರೆ. ಎಂ.ಆರ್.ಐ. ಅಥವಾ ಸ್ಕ್ಯಾನ್ ಚಿತ್ರ ಪ್ರತಿ ಕ್ಷಣವೂ ದಾರಿ ತೋರುತ್ತಿರುತ್ತದೆ. ಅಮೆರಿಕದಲ್ಲಿ ಇದಕ್ಕೆ 2004ರಲ್ಲಿ ಅನುಮತಿ ದೊರೆಯಿತು. ಆದರೆ ಎಲ್ಲ ಗಡ್ಡೆಗಳಿಗೂ ಇದು ಒಗ್ಗುವುದಿಲ್ಲ.

ಗರ್ಭಕೋಶ ತೆಗೆಯುವುದೇ ಸರಿಯಾದಾಗ

ಗರ್ಭಕೋಶವನ್ನು ಎಂದೂ ತೆಗೆಸಬಾರದೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದಲ್ಲಿ ಅದರಿಂದ ಪ್ರಾಣ ಉಳಿದೀತು. ಬೇರೆ ಚಿಕಿತ್ಸೆಗಳಿಂದ ಗುಣವಾಗದ ಕಷ್ಟಕ್ಕೂ ಅದು ಶಾಶ್ವತ ಪರಿಹಾರ. ಎಲ್ಲವನ್ನೂ ತಿಳಿದು ಒಬ್ಬ ಸ್ತ್ರೀ ತಾನೇ ಅದನ್ನು ಆರಿಸಿಕೊಂಡರೆ ಅದು ಅವಳ ಹಕ್ಕು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಆದರೆ "ಮಕ್ಕಳಾಗಿವೆ, ಇನ್ನೇಕೆ" ಎಂಬುದು ಕಾರಣವಲ್ಲ. ಬರೀ ಬಿಳಿಸೆರಗು ಕಾರಣವಲ್ಲ. ಸೊಂಟನೋವು ಕಾರಣವಲ್ಲ. ಕೂಲಿಗೆ ಹೋಗಲು ಮುಟ್ಟು ಅಡ್ಡಿ ಎಂಬುದೂ ಕಾರಣವಲ್ಲ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ, ಮೈ ಬಿಸಿಯೇರುವುದು, ಎಲುಬು ಸವೆಯುವುದು, ಹೃದಯರೋಗ ಇವು ಬೇಗ ಬರುವ ಸಂಭವವಿದೆ. ಅಂಡಾಶಯಗಳನ್ನು ಉಳಿಸಿದರೂ ಅವು ಕೆಲವರಲ್ಲಿ ಕಾಲಕ್ಕೆ ಮುನ್ನವೇ ಸೊರಗುತ್ತವೆ. ಹೊಲದಲ್ಲಿ ದುಡಿಯುವ ಮೈಗೆ ಇದು ಸಣ್ಣ ನಷ್ಟವಲ್ಲ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ವೈದ್ಯರನ್ನು ಪ್ರಶ್ನಿಸುವುದು ಅಗೌರವವಲ್ಲ. ಒಳ್ಳೆಯ ವೈದ್ಯರಿಗೆ ಅದು ಸಂತೋಷವನ್ನೇ ತರುತ್ತದೆ. ಈ ಐದನ್ನು ನೆನಪಿಡಿ.

1. ಗಡ್ಡೆ ಎಷ್ಟು ದೊಡ್ಡದು, ಎಷ್ಟಿವೆ, ಗರ್ಭಕೋಶದ ಯಾವ ಭಾಗದಲ್ಲಿವೆ?

2. ನನ್ನ ಕಷ್ಟಕ್ಕೆ ಈ ಗಡ್ಡೆಯೇ ಕಾರಣವೆ? ಕ್ಯಾನ್ಸರ್ ಅಲ್ಲವೆಂದು ತಿಳಿಯಲು ಯಾವ ಪರೀಕ್ಷೆ ಮಾಡಬೇಕು?

3. ಚಿಕಿತ್ಸೆ ಮಾಡದೆ ಕಾದರೆ ಏನಾಗುತ್ತದೆ?

4. ಗರ್ಭಕೋಶವನ್ನು ಉಳಿಸುವ ಚಿಕಿತ್ಸೆ ನನಗೆ ಆಗುತ್ತದೆಯೆ? ಆಗದಿದ್ದರೆ ಏಕೆ?

5. ತೆಗೆಯಲೇಬೇಕಾದರೆ ಅಂಡಾಶಯಗಳನ್ನು ಉಳಿಸುತ್ತೀರಾ?

ಸ್ಕ್ಯಾನಿಂಗ್ ವರದಿಯನ್ನೂ ಚಿತ್ರಗಳನ್ನೂ ಕೇಳಿ ಪಡೆದು ಜೋಪಾನವಾಗಿಡಿ. ಅವು ಕೈಯಲ್ಲಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಸುಲಭ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆ ದಾರಿ ತೋರುತ್ತಾರೆ. ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ನಳಿಕೆಯ ಚಿಕಿತ್ಸೆಯೂ ಶಬ್ದದ ಚಿಕಿತ್ಸೆಯೂ ಎಲ್ಲ ಊರುಗಳಲ್ಲಿ ದೊರೆಯುವುದಿಲ್ಲ. ಅದಕ್ಕೆ ಬೇಕಾದ ಯಂತ್ರವೂ ತಜ್ಞರೂ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಖರ್ಚಿನ ವಿಷಯದಲ್ಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ನೆರವಿದೆಯೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ಸಾಲ ಮಾಡುವ ಮುನ್ನ ವಿಚಾರಿಸಿ.

ಇನ್ನು ಆ ಮನೆಗೆ ಮರಳೋಣ. ಬೆಳಗಾಯಿತು. ಹೆಂಡತಿ ಹೇಳುತ್ತಾಳೆ: "ಏನ್ರೀ, ಎತ್ತು ಮಾರುವುದು ಇರಲಿ. ಮೊದಲು ಸ್ಕ್ಯಾನಿಂಗ್ ಮಾಡಿಸೋಣ." ಗಂಡ ಒಂದು ದಿನದ ಕೆಲಸ ಬಿಟ್ಟು ಜೊತೆಯಲ್ಲಿ ಹೋಗುತ್ತಾನೆ. ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದಿದೆ. ಸ್ಕ್ಯಾನಿಂಗ್‌ನಲ್ಲಿ ಕಂಡುದು ಒಳಪೊಳ್ಳಿಗೆ ಚಾಚಿಕೊಂಡ, ನೆಲ್ಲಿಕಾಯಿಯಷ್ಟು ಒಂದೇ ಗಡ್ಡೆ. ವರ್ಷದಿಂದ ಆಕೆಯ ಬಲವನ್ನೆಲ್ಲ ಹೀರಿದ್ದು ಅಷ್ಟೇ ಒಂದು ಗಡ್ಡೆ! ಮೊದಲು ರಕ್ತಹೀನತೆಗೆ ಔಷಧ. ಬಳಿಕ ದರ್ಶಕದ ಕೊಳವೆಯಿಂದ ಗಡ್ಡೆ ತೆಗೆದರು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಮರುದಿನ ಇಬ್ಬರೂ ಬಸ್ಸಿನಲ್ಲಿ ಊರಿಗೆ ಮರಳಿದರು. ಎತ್ತು ಕೊಟ್ಟಿಗೆಯಲ್ಲೇ ಇದೆ.

ಎಲ್ಲರ ಗಡ್ಡೆಯೂ ಇಷ್ಟು ಸುಲಭದ್ದಾಗಿರುವುದಿಲ್ಲ. ಆದರೆ ನೋಡದ ಹೊರತು ಸುಲಭದ್ದೋ ಕಷ್ಟದ್ದೋ ಎಂದು ಯಾರೂ ಹೇಳಲಾರರು. ಸೋದರಿಯರೆ, ಏಳು ದಿನಕ್ಕಿಂತ ಹೆಚ್ಚು ಸ್ರಾವವಾದರೆ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ ಅದನ್ನು ಹಣೆಬರಹವೆಂದು ಸಹಿಸಬೇಡಿ, ಬಾಯಿಬಿಟ್ಟು ಹೇಳಿ. ಸೋದರರೆ, ಆಕೆ ಹೇಳಿದಾಗ ಕೇಳಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಒಪ್ಪಿಗೆಯ ಕಾಗದಕ್ಕೆ ಆಕೆ ಸಹಿ ಮಾಡುವ ಮುನ್ನ ಅದರಲ್ಲಿರುವುದು ಆಕೆಗೆ ಅರ್ಥವಾಗಿದೆಯೇ ಎಂದು ನೋಡಿ. ದೇಹ ಆಕೆಯದು; ಕೊನೆಯ ಮಾತೂ ಆಕೆಯದೇ ಆಗಬೇಕು.

ಮನೆಯೊಡತಿಯ ಆರೋಗ್ಯವೇ ಮನೆಯ ಭಾಗ್ಯ. ನಿಮ್ಮೆಲ್ಲರ ಮನೆಗಳಲ್ಲಿ ಆ ಭಾಗ್ಯ ನೆಲೆಸಲಿ.